ಮಳೆಗೊಂದು ವಿಮೆ: ಮೈಸೂರು ಸೀಮೆಯಲ್ಲಿ ಮೂಡಿದ ಆಲೋಚನೆ



ಬೆಳೆ ವಿಮೆಯೆಂದರೆ ದೆಹಲಿಯಿಂದ ಇಳಿದು ಬಂದ ಯೋಜನೆಯೆಂದು ನಮ್ಮಲ್ಲಿ ಬಹುಮಂದಿ ಭಾವಿಸಿದ್ದಾರೆ. ಅದರ ಮೂಲ ಕಲ್ಪನೆಯೊಂದು ಶತಮಾನಕ್ಕೂ ಹಿಂದೆ ನಮ್ಮ ಮೈಸೂರು ಸಂಸ್ಥಾನದಲ್ಲೇ ರೂಪುಗೊಂಡಿತ್ತೆಂಬ ಸಂಗತಿ ಶಾಲೆಯ ಪಠ್ಯಗಳಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಸಂಸ್ಥಾನವು ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತೆಂದು ಅಂದಾಜು. ಆ ಬಳಿಕ ಆಡಳಿತಗಾರರ ಮನಸ್ಸಿನಲ್ಲಿ ಬರದ ಭಯ ಬೇರೂರಿತು. ಅದಕ್ಕೆ ಒಂದು ಉತ್ತರ ನೀರಾವರಿ. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಮುಂದೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಕಾವೇರಿಯನ್ನು ತಂದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಈ ಕಥೆ ನಿಮಗೆಲ್ಲ ಗೊತ್ತು.

ಎರಡನೆಯ ಉತ್ತರವನ್ನು ಸೂಚಿಸಿದವರು ಜೆ.ಎಸ್. ಚಕ್ರವರ್ತಿ. ಮೈಸೂರು ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದ ಅವರಿಗೆ ವಿಮೆಯ ಲೆಕ್ಕಾಚಾರ ಚೆನ್ನಾಗಿ ತಿಳಿದಿತ್ತು. 1920ರಲ್ಲಿ ಅವರು ಕೃಷಿ ವಿಮೆಯ ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಪ್ರತಿಯೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ನಮ್ಮಂಥ ಸಣ್ಣ ಹಿಡುವಳಿಗಳ ನಾಡಿನಲ್ಲಿ ಸಾಧ್ಯವಿಲ್ಲ. ಅದರ ಬದಲು ಮಳೆಮಾಪಕವನ್ನೇ ಸಾಕ್ಷಿಯಾಗಿ ನಂಬಬೇಕು. ಒಂದು ಪ್ರದೇಶದಲ್ಲಿ ಮಳೆ ನಿಗದಿತ ಪ್ರಮಾಣಕ್ಕಿಂತ ಕಡಿಮೆಯಾದರೆ ಅಲ್ಲಿನ ವಿಮೆದಾರರಿಗೆಲ್ಲ ಪರಿಹಾರ ಸಿಗಬೇಕು. ಇದು ಅವರ ಯೋಜನೆಯ ತಿರುಳು. ಅದಕ್ಕಾಗಿ ಅವರು ಸಂಸ್ಥಾನದ ಹಲವು ದಶಕಗಳ ಮಳೆಯ ದಾಖಲೆಗಳನ್ನು ಪರಿಶೀಲಿಸಿದ್ದರು. ಯೋಜನೆ ಮಾತ್ರ ಕಾಗದದ ಮೇಲೆಯೇ ಉಳಿಯಿತು.

ಸ್ವಾತಂತ್ರ್ಯಾನಂತರ, ಪ್ರದೇಶವನ್ನೇ ಘಟಕವಾಗಿ ಪರಿಗಣಿಸಬೇಕೆಂಬ ವಾದವನ್ನು ಪ್ರೊಫೆಸರ್ ವಿ.ಎಂ. ದಾಂಡೇಕರ್ ಮತ್ತೆ ಮುಂದಿಟ್ಟರು. 1979ರ ಪ್ರಾಯೋಗಿಕ ಯೋಜನೆ, 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, ಇವೆಲ್ಲ ಆ ಹಾದಿಯಲ್ಲೇ ಸಾಗಿದವು. 2007ರಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗ ಮೊದಲಾದದ್ದು ಕರ್ನಾಟಕದಲ್ಲಿಯೇ. ಚಕ್ರವರ್ತಿಯವರ ಆಲೋಚನೆ ಸುಮಾರು ಒಂಬತ್ತು ದಶಕಗಳ ನಂತರ ತವರಿಗೆ ಮರಳಿತೆನ್ನಬಹುದು.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲಿನ ಕಂತು ಮುಂಗಾರಿನ ಆಹಾರ ಬೆಳೆಗಳಿಗೆ ಹೆಚ್ಚೆಂದರೆ ಶೇಕಡಾ 2, ಹಿಂಗಾರಿಗೆ 1.5, ವಾಣಿಜ್ಯ ಬೆಳೆಗಳಿಗೆ 5. ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. 2020ರಿಂದ ಇದು ಸಾಲಗಾರ ರೈತರಿಗೂ ಐಚ್ಛಿಕವಾಗಿದೆ.

ಮಳವಳ್ಳಿ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ನನ್ನನ್ನು ಕೇಳಿದ: "ಮೇಷ್ಟ್ರೇ, ನಮ್ಮ ರಾಗಿ ಒಣಗಿದರೂ ಪಕ್ಕದ ಊರಲ್ಲಿ ಚೆನ್ನಾಗಿ ಬಂದರೆ ನಮಗೆ ಹಣ ಬರುವುದಿಲ್ಲವಂತೆ. ಇದೆಂಥ ನ್ಯಾಯ?" ಅವನ ಪ್ರಶ್ನೆ ಸರಿಯಾದದ್ದೇ. ಪ್ರದೇಶವನ್ನು ಘಟಕ ಮಾಡಿದರೆ ವೆಚ್ಚ ತಗ್ಗುತ್ತದೆ, ಮೋಸವೂ ತಗ್ಗುತ್ತದೆ. ಆದರೆ ಸರಾಸರಿಯೊಳಗೆ ಒಬ್ಬನ ನಷ್ಟ ಮರೆಯಾಗುತ್ತದೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ಘಟಕವಾಗಿಸಿರುವುದರಿಂದ ಈ ಕೊರತೆ ಕಿರಿದಾಗಿದೆ, ಅಳಿದಿಲ್ಲ.

ಹಾಗೆಂದು ವಿಮೆಯೇ ಬೇಡವೆನ್ನಲಾರೆ. ನಾಲೆಯ ನೀರಿದೆಯೆಂಬ ಧೈರ್ಯವೂ ಶಾಶ್ವತವಲ್ಲ. 2023ರಲ್ಲಿ ಕನ್ನಂಬಾಡಿ ತನ್ನ 124.80 ಅಡಿಯ ಪೂರ್ಣ ಮಟ್ಟವನ್ನು ಮುಟ್ಟಲಿಲ್ಲ. ನಾಲೆಯ ಕೊನೆಯ ಭಾಗದವರಿಗೂ ಮಳೆಯನ್ನೇ ನಂಬಿದವರಿಗೂ ಆಗ ಹೆಚ್ಚಿನ ಅಂತರ ಉಳಿಯುವುದಿಲ್ಲ.

ಆದ್ದರಿಂದ ಹೊಲವಿರುವವರು ಎರಡು ಮಾತು ನೆನಪಿಡಿ. ವಿಮೆಯ ಅರ್ಜಿಯಲ್ಲಿ ಬರೆದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಲಿ. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಪತ್ತಿನಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಿ. ಕಟ್ಟೆ ಕಟ್ಟಿದ ಹಿರಿಯರನ್ನು ನಾವು ಸ್ಮರಿಸುತ್ತೇವೆ. ಕಟ್ಟೆ ತುಂಬದ ವರ್ಷಕ್ಕೂ ಒಂದು ದಾರಿ ಹುಡುಕಿದ ಚಕ್ರವರ್ತಿಯವರನ್ನೂ ಅವರ ಸಾಲಿನಲ್ಲಿ ಸ್ಮರಿಸುವುದು ಉಚಿತ.