ಗಾಜಿನ ನಾರಿನ ಗಾಳಗೋಲು

ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕಲ್ಯಾಣದಲ್ಲಿ ಆಳುತ್ತಿದ್ದಾಗ, ಕ್ರಿ. ಶ. 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿರುವುದು ವಿದ್ವಾಂಸರಿಗೆ ಸುವಿದಿತವೇ ಆಗಿದೆ. ಸಂಸ್ಕೃತದ ಬಡಿಶವೇ ನಮ್ಮ ಗಾಳ. ಬೆಸ್ತರಿಗೆ ಜೀವನೋಪಾಯವಾದ ಆ ಕರ್ಮವನ್ನು ಅರಸನು ವಿನೋದಗಳ ಸಾಲಿನಲ್ಲಿರಿಸಿ ಶಾಸ್ತ್ರದಂತೆ ವಿವರಿಸಿರುವನು. ಇಂತಹ ವಿನೋದವೇ ಪಾಶ್ಚಾತ್ಯ ದೇಶಗಳಲ್ಲಿ ಬೇರೊಂದು ಮಾರ್ಗವಾಗಿ ಬೆಳೆದು, ಟ್ರೌಟ್ ಮೀನನ್ನು ಹುಸಿನೊಣದಿಂದ ಹಿಡಿಯುವ ಕಲೆಯಾಯಿತು. ಆ ಕಲೆಯ ಮುಖ್ಯ ಸಾಧನವಾದ ಕೋಲು ಬಿದಿರನ್ನು ಬಿಟ್ಟು ಗಾಜಿನ ನಾರನ್ನು ಆಶ್ರಯಿಸಿದುದೇಕೆ, ಆ ನಾರಿನ ಕೋಲು ಇಂದಿಗೂ ಕಿರುತೊರೆಗಳಲ್ಲಿ ಉಳಿದಿರುವುದೇಕೆ ಎಂಬುದನ್ನು ಇಲ್ಲಿ ವಿಚಾರಿಸುವೆನು.

ಈ ಕಲೆಯ ಪ್ರಾಚೀನ ಪ್ರಮಾಣವು ರೋಮಿನ ಗ್ರಂಥಕಾರನಾದ ಈಲಿಯನನಲ್ಲಿ ದೊರೆಯುತ್ತದೆ. ಇವನು ಸುಮಾರು ಕ್ರಿ. ಶ. 200ರ ಕಾಲದವನು. ಮಾಸಿಡೋನಿಯದ ಆಸ್ಟ್ರೀಯಸ್ ಎಂಬ ನದಿಯಲ್ಲಿ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುವರೆಂದೂ, ಅವರ ಕೋಲು ಆರು ಅಡಿ, ದಾರವೂ ಅಷ್ಟೇ ಎಂದೂ ಅವನು ಬರೆದಿರುವನು. ಇಂಗ್ಲೆಂಡಿನಲ್ಲಿ ಗಾಳದ ವಿಷಯವಾದ ಪ್ರಬಂಧವೊಂದು 1496ರಲ್ಲಿ ಮುದ್ರಿತವಾಯಿತು. ಅದನ್ನು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಗೆ ಆರೋಪಿಸುವ ರೂಢಿಯುಂಟಾದರೂ ಆ ಕರ್ತೃತ್ವವು ಸಂದಿಗ್ಧವು. ಆ ಕಾಲದ ಕೋಲುಗಳೆಲ್ಲ ಮರದವು.

ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿನಿಂದ ಕೂಡಿಸಿ ಕೋಲು ಮಾಡುವ ಪದ್ಧತಿಯನ್ನು ಅಮೆರಿಕದಲ್ಲಿ ಪೆನ್ಸಿಲ್ವೇನಿಯದ ಸ್ಯಾಮ್ಯುಯಲ್ ಫಿಲಿಪ್ ಎಂಬ ಕೋವಿ ಕೆಲಸದವನು 1840ರ ದಶಕದಲ್ಲಿ ಬಳಕೆಗೆ ತಂದನು. ಮುಂದೆ ಆರು ಸೀಳುಗಳ ಷಟ್ಕೋನವೇ ಪ್ರಮಾಣವಾಯಿತು. ಮೊದಮೊದಲು ಈ ಬಿದಿರು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಅದನ್ನು ‘ಕಲ್ಕತ್ತಾ ಬಿದಿರು’ ಎಂದು ಕರೆಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ‘ಟಾಂಕಿನ್ ಬಿದಿರು’ ಅದರ ಸ್ಥಾನವನ್ನಾಕ್ರಮಿಸಿತು. ನಾಮವಿಚಾರದಲ್ಲಿ ಆಸಕ್ತರಾದವರು ಗಮನಿಸತಕ್ಕದ್ದೇನೆಂದರೆ, ಈ ಎರಡನೆಯ ಬಿದಿರು ಬೆಳೆಯುವುದು ಟಾಂಕಿನ್ನಿನಲ್ಲಲ್ಲ, ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ. ಕಲ್ಕತ್ತೆಯೂ ರೇವುಪಟ್ಟಣವೇ ಹೊರತು ಬಿದಿರುಮೆಳೆಯಲ್ಲ. ಹೆಸರನ್ನು ನಂಬಿ ಉತ್ಪತ್ತಿಸ್ಥಾನವನ್ನು ನಿರ್ಣಯಿಸುವುದು ಯುಕ್ತವಲ್ಲ.

ಇನ್ನು ಗಾಜಿನ ನಾರು. ಇದನ್ನು ವಿಪುಲವಾಗಿ ತಯಾರಿಸುವ ಉದ್ಯಮವು 1930ರ ದಶಕದಲ್ಲಿ ಅಮೆರಿಕದಲ್ಲಿ ನೆಲೆಗೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾರನ್ನು ಕೃತಕ ರಾಳದಲ್ಲಿ ನೆನೆಸಿ ಗಟ್ಟಿಮಾಡುವ ವಿದ್ಯೆಯು ವಿಮಾನಾದಿಗಳ ನಿಮಿತ್ತವಾಗಿ ಪ್ರಬಲವಾಯಿತು. ರಾಳದ ಉದ್ಯಮದಲ್ಲಿ ವಿಜ್ಞಾನಿಯಾಗಿದ್ದ ಆರ್ಥರ್ ಹೋವಾಲ್ಡನು ತನ್ನ ಬಿದಿರುಗೋಲಿನ ತುದಿ ಮುರಿದಾಗ, ಬೇರೆ ತುದಿ ದೊರೆಯದೆ, ಗಾಜಿನ ನಾರಿನಿಂದಲೇ ಒಂದನ್ನು ಮಾಡಿಕೊಂಡನೆಂದು ಪ್ರತೀತಿ. ಅವನ ಕ್ರಮದಲ್ಲಿ ನಾರುಗಳು ಕೋಲಿನ ಉದ್ದಕ್ಕೂ ಸಮಾನಾಂತರವಾಗಿ ಹರಿಯುತ್ತವೆ. ಶೇಕ್ಸ್‌ಪಿಯರ್ ಎಂಬ ಸಂಸ್ಥೆಯು 1946-47ರ ಹೊತ್ತಿಗೆ ಆ ಕೋಲನ್ನು ‘ವಂಡರಾಡ್’ ಎಂಬ ಹೆಸರಿನಿಂದ ಮಾರತೊಡಗಿತು. ಸಂಸ್ಥೆಯ ಹೆಸರಿಗೂ ನಾಟಕಕಾರನಿಗೂ ಸಂಬಂಧವಿಲ್ಲವೆಂಬುದನ್ನು ಸಾಹಿತ್ಯೋಪಾಧ್ಯಾಯರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ಕೊರಿಯಾ ಯುದ್ಧದ ನಿಮಿತ್ತ 1950ರ ಡಿಸೆಂಬರಿನಲ್ಲಿ ಅಮೆರಿಕವು ಚೀನದೊಡನೆ ವ್ಯಾಪಾರವನ್ನು ನಿಷೇಧಿಸಿತು, ಬಿದಿರು ನಿಂತುಹೋಯಿತು, ಆದುದರಿಂದಲೇ ಗಾಜಿನ ಕೋಲು ಹಬ್ಬಿತು ಎಂದು. ಇದು ಪೂರ್ಣವಾಗಿ ಒಪ್ಪತಕ್ಕದ್ದಲ್ಲ. ಕಾರಣವು ಕಾರ್ಯಕ್ಕಿಂತ ಮೊದಲಿರಬೇಕಷ್ಟೆ. ನಿಷೇಧಕ್ಕೆ ಮೂರು ನಾಲ್ಕು ವರ್ಷ ಮೊದಲೇ ಗಾಜಿನ ಕೋಲು ಅಂಗಡಿಗೆ ಬಂದಿತ್ತು. ಬಿದಿರುಗೋಲಿಗೆ ನುರಿತ ಕೈಗಳ ಬಹುಗಂಟೆಗಳ ಶ್ರಮ ಬೇಕು. ಗಾಜಿನದನ್ನು ಕಾರ್ಖಾನೆಯಲ್ಲಿ ಸುಲಭವಾಗಿ, ಅಗ್ಗವಾಗಿ ಮಾಡಬಹುದು. ಅದು ತೇವಕ್ಕೆ ಕೆಡದು, ಬಾಗಿ ನಿಲ್ಲದು. ನಿಷೇಧವು ಸಹಕಾರಿ ಕಾರಣವೇ ಹೊರತು ಮುಖ್ಯ ಕಾರಣವಲ್ಲವೆಂಬುದೇ ಸಿದ್ಧಾಂತ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಪ್ರಬಲವಾದುದು. 1973-74ರಲ್ಲಿ ಫೆನ್ವಿಕ್ ಸಂಸ್ಥೆಯು ಇಂಗಾಲದ ನಾರಿನ ಕೋಲನ್ನು ತಂದಿತು. ಅದು ಹಗುರ, ಬಿರುಸು. ಕೆಲವೇ ವರ್ಷಗಳಲ್ಲಿ ಗಾಜಿನದನ್ನು ಮೂಲೆಗೆ ತಳ್ಳಿತು. ಹಾಗಾದರೆ ಗಾಜಿನ ಕೋಲು ಬರಿಯ ಮಧ್ಯಂತರದ ಮೆಟ್ಟಿಲಲ್ಲವೆ?

ಅಲ್ಲವೆಂದು ತೋರುತ್ತದೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಹುಸಿನೊಣಕ್ಕಾದರೋ ಭಾರವೇ ಇಲ್ಲ, ಭಾರವಿರುವುದು ದಾರದಲ್ಲಿ. ಆ ಭಾರದಿಂದ ಕೋಲು ಬಿಲ್ಲಿನಂತೆ ಬಾಗಿ, ನೆಟ್ಟಗಾಗುವಾಗ ದಾರವನ್ನು ಮುಂದಕ್ಕೆ ಬಿಡುತ್ತದೆ. ವಿಶಾಲವಾದ ನದಿಯಲ್ಲಿ ಅರುವತ್ತು ಎಪ್ಪತ್ತು ಅಡಿ ದಾರವು ಗಾಳಿಯಲ್ಲಿರುವುದರಿಂದ ಬಿರುಸು ಕೋಲೂ ಬಾಗುವುದು. ಕೊಂಬೆಗಳು ಕವಿದ ಕಿರುತೊರೆಯಲ್ಲಿ ಎಸೆಯುವ ದೂರವು ಹದಿನೈದು ಇಪ್ಪತ್ತು ಅಡಿ ಮಾತ್ರ. ಅಷ್ಟು ಸ್ವಲ್ಪ ದಾರಕ್ಕೆ ಬಿರುಸು ಕೋಲು ಮಣಿಯದು. ಇಂಗಾಲದ ನಾರಿನ ಬಿರುಸು ಗಾಜಿನದಕ್ಕಿಂತ ಸುಮಾರು ಮೂರು ಮಡಿಯಾದುದರಿಂದ, ಅಲ್ಲಿ ಗುಣವೆನಿಸಿದುದು ಇಲ್ಲಿ ದೋಷವಾಗುತ್ತದೆ. ಗಾಜಿನ ಕೋಲು ಅಲ್ಪಭಾರಕ್ಕೂ ಬುಡದವರೆಗೆ ಬಾಗುತ್ತದೆ. ಸಿಕ್ಕಿದ ಮೀನು ಒದರಿದಾಗ ತಾನೇ ಬಾಗಿ ಕೂದಲೆಳೆಯಂತಹ ತುದಿದಾರವನ್ನು ಕಾಯುತ್ತದೆ. ಗೇಣುದ್ದದ ಮೀನಿನ ಸೆಣಸೂ ಕೈಗೆ ತಿಳಿಯುತ್ತದೆ. ಆದುದರಿಂದ ಆರರಿಂದ ಏಳೂವರೆ ಅಡಿಯ ಗಾಜಿನ ಕೋಲುಗಳನ್ನು ಕಿರುತೊರೆಗಳಿಗಾಗಿಯೇ ಈಗಲೂ ಮಾಡುವವರೂ ಕೊಳ್ಳುವವರೂ ಇದ್ದಾರೆ.

ಇದರಿಂದ ನಮಗಾಗುವ ಪ್ರಯೋಜನವೇನು? ಸಾಧನಗಳ ಇತಿಹಾಸವನ್ನು ಬರೆಯುವವರು ಹೊಸದು ಹಳೆಯದನ್ನು ಗೆದ್ದಿತೆಂದು ಹೇಳಿ ಮುಗಿಸುವುದು ವಾಡಿಕೆ. ಗ್ರಂಥಸ್ಥವಾದ ಹಳೆಯ ಉಪಕರಣಗಳನ್ನು ವ್ಯಾಖ್ಯಾನಿಸುವಾಗ ನಾವೂ ಅದೇ ತಪ್ಪನ್ನು ಮಾಡುತ್ತೇವೆ. ಗುಣದೋಷಗಳು ವಸ್ತುವಿನಲ್ಲಿ ಮಾತ್ರ ನಿಲ್ಲುವುದಿಲ್ಲ. ದೇಶವನ್ನೂ ಪ್ರಯೋಜನವನ್ನೂ ಅಪೇಕ್ಷಿಸುತ್ತವೆ. ಮತ್ಸ್ಯವಿನೋದದ ಶ್ಲೋಕಗಳನ್ನು ಪಾಠ ಹೇಳುವವರು ಅಲ್ಲಿಯ ಕೋಲು ಎಷ್ಟು ಹಳೆಯದೆಂದು ಕೇಳುವ ಮೊದಲು, ಅದು ಯಾವ ನೀರಿಗೆ, ಯಾವ ಮೀನಿಗೆ ಎಂದು ಕೇಳುವುದು ಲೇಸು.