ಕೋಟಿಯ ಜೋಳಿಗೆ, ಕೆಲವೇ ಆಣೆಯ ಪುಸ್ತಿಕೆ



ಗಣೇಶೋತ್ಸವಕ್ಕೆ, ರಾಜ್ಯೋತ್ಸವಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎಂದು ಯಾರಾದರೂ ರಸೀದಿ ಪುಸ್ತಕ ಹಿಡಿದು ಮನೆಗೆ ಬಂದರೆ ನಾವೆಲ್ಲ ಗೊಣಗುತ್ತಲೇ ಆದರೂ ಏನಾದರೂ ಕೊಟ್ಟು ಕಳಿಸುತ್ತೇವೆ. ಆದರೆ, "ಒಂದು ವಿಶ್ವವಿದ್ಯಾನಿಲಯ ಕಟ್ಟುತ್ತಿದ್ದೇವೆ, ನಿಮ್ಮ ಕೈಲಾದ್ದು ಕೊಡಿ" ಎಂದು ಯಾರಾದರೂ ಬಾಗಿಲು ತಟ್ಟಿದರೆ? "ಅದೆಲ್ಲ ಸರ್ಕಾರದ ಕೆಲಸ ಅಲ್ಲವೇನ್ರೀ?" ಎನ್ನುವವರೇ ಹೆಚ್ಚು. ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟಿನಲ್ಲೇ ತಡೆದು ನಿಲ್ಲಿಸಿದರೂ ಆಶ್ಚರ್ಯವಿಲ್ಲ.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬರು ಹೀಗೆಯೇ ದೇಶದ ಬಾಗಿಲುಗಳನ್ನು ತಟ್ಟುತ್ತಾ ಹೊರಟಿದ್ದರು. ಅವರ ಹೆಸರು ಪಂಡಿತ ಮದನ ಮೋಹನ ಮಾಳವೀಯ. ಅಲಹಾಬಾದಿನ ಹೆಸರಾಂತ ವಕೀಲರು, ಪತ್ರಕರ್ತರು. ಕಾಶಿಯಲ್ಲಿ ಒಂದು ವಿಶ್ವವಿದ್ಯಾನಿಲಯ ಆಗಬೇಕೆಂಬ ಅವರ ಯೋಜನೆಯ ಕರಡು 1905ರಲ್ಲೇ ಅಚ್ಚಾಗಿ ಹಂಚಿಕೆಯಾಗಿತ್ತು. ಆ ವರ್ಷದ ಕೊನೆಗೆ ಕಾಶಿಯಲ್ಲೇ ಕಾಂಗ್ರೆಸ್ ಅಧಿವೇಶನ ಸೇರಿದಾಗ ಅಲ್ಲಿಗೆ ಬಂದವರ ಮುಂದೆಯೂ ಅವರು ಇದನ್ನಿಟ್ಟರು. ಆಮೇಲೆ ಕೆಲವು ವರ್ಷ ವಿಷಯ ತಣ್ಣಗಿತ್ತು. 1911ರಲ್ಲಿ ಆನಿ ಬೆಸೆಂಟರು ತಾವು 1898ರಲ್ಲಿ ಕಟ್ಟಿದ್ದ ಸೆಂಟ್ರಲ್ ಹಿಂದೂ ಕಾಲೇಜನ್ನು ಈ ಯೋಜನೆಯೊಂದಿಗೆ ಸೇರಿಸಲು ಒಪ್ಪಿದರು. ದರ್ಭಂಗಾದ ಮಹಾರಾಜರು ಐದು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿ ಮುಂದೆ ನಿಂತರು. ಅಲ್ಲಿಂದ ಶುರುವಾಯಿತು ನೋಡಿ, ರೈಲು ಪ್ರಯಾಣ!

ಗುರಿ ಒಂದು ಕೋಟಿ ರೂಪಾಯಿ. 1911ರ ಒಂದು ಕೋಟಿ ಎಂದರೆ ನೀವೇ ಲೆಕ್ಕ ಹಾಕಿ. ಸರ್ಕಾರವಂತೂ, ಮೊದಲು ಐವತ್ತು ಲಕ್ಷ ಕೂಡಿಸಿ ತೋರಿಸಿ, ಮಸೂದೆಯ ಮಾತು ಆಮೇಲೆ ಎಂದು ಷರತ್ತು ಹಾಕಿತ್ತು. ಮಾಳವೀಯರು ವಕೀಲಿಯನ್ನು ಬದಿಗಿಟ್ಟು ಊರೂರು ತಿರುಗಿದರು. ರಾಜರ ದರ್ಬಾರಿನಲ್ಲಿ ಕೇಳಿದರು, ಸಾಹುಕಾರರ ಗದ್ದಿಗೆಯ ಮುಂದೆ ಕೇಳಿದರು, ಪೇಟೆಯ ಸಭೆಗಳಲ್ಲಿ ಕೇಳಿದರು. ಹೆಂಗಸರು ಕೈಯ ಬಳೆ ತೆಗೆದುಕೊಟ್ಟರೆಂದೂ ಭಿಕ್ಷುಕನೊಬ್ಬ ತನ್ನ ಆ ದಿನದ ಗಳಿಕೆಯ ಕಾಸನ್ನೇ ಹಾಕಿದನೆಂದೂ ಉತ್ತರ ಭಾರತದಲ್ಲಿ ಇಂದಿಗೂ ಹೇಳುತ್ತಾರೆ. ಹೈದರಾಬಾದಿನ ಕೇಳುಗರಿಗೆ ನಿಜಾಮರ ಪಾದರಕ್ಷೆಯ ಕತೆಯೂ ಗೊತ್ತಿರಬಹುದು: ದಾನ ಕೇಳಿದಾಗ ನಿಜಾಮರು ಚಪ್ಪಲಿ ಕೊಟ್ಟರಂತೆ, ಮಾಳವೀಯರು ಅದನ್ನೇ ಪೇಟೆಯಲ್ಲಿ ಹರಾಜಿಗೆ ಇಟ್ಟರಂತೆ! ಕೇಳುವುದಕ್ಕೆ ಚೆನ್ನಾಗಿದೆ. ಪುರಾವೆ ಮಾತ್ರ ಕೇಳಬೇಡಿ.

ಕತೆಗಳನ್ನು ಬಿಟ್ಟುಬಿಡೋಣ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆ ತನಕ ವಿಶ್ವವಿದ್ಯಾನಿಲಯ ಎಂದರೆ ಸರ್ಕಾರ ಕಟ್ಟಿಕೊಡುವ ಪರೀಕ್ಷೆಯ ಕಚೇರಿ. 1857ರಲ್ಲಿ ಹುಟ್ಟಿದ ಕಲ್ಕತ್ತ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾನಿಲಯಗಳು ಮೊದಮೊದಲು ಪಾಠ ಹೇಳುವುದಕ್ಕಿಂತ ಪರೀಕ್ಷೆ ನಡೆಸಿ ಪದವಿ ಕೊಡುವುದನ್ನೇ ಮಾಡುತ್ತಿದ್ದವು. ಅಂಥ ದೇಶದಲ್ಲಿ, ಶಾಲೆಯ ಮೆಟ್ಟಿಲನ್ನೇ ಹತ್ತದ ಜನರ ಮುಂದೆ ನಿಂತು, ವಿಶ್ವವಿದ್ಯಾನಿಲಯ ನಿಮಗೂ ಬೇಕು ಎಂದು ಯಾರೋ ಒಬ್ಬರು ಮೊದಲ ಬಾರಿಗೆ ಬಿಡಿಸಿ ಹೇಳಬೇಕಾಯಿತು. ಹಣ ಕೇಳುವ ನೆಪದಲ್ಲಿ ಒಂದು ತಿಳುವಳಿಕೆಯ ಪ್ರಚಾರವೇ ನಡೆದುಹೋಯಿತು. ಅದೇ ಸುಮಾರಿಗೆ ಅಲಿಗಢದ ಕಾಲೇಜನ್ನು ವಿಶ್ವವಿದ್ಯಾನಿಲಯ ಮಾಡುವುದಕ್ಕಾಗಿ ಆಗಾ ಖಾನರ ಮುಂದಾಳುತನದಲ್ಲಿ ಇಂಥದೇ ಚಂದಾ ಸಂಗ್ರಹ ನಡೆಯಿತು. ಅದು ಕೈಗೂಡಿದ್ದು 1920ರಲ್ಲಿ.

ಕಾಶಿಯ ಮಸೂದೆ 1915ರ ಅಕ್ಟೋಬರಿನಲ್ಲಿ ಕಾನೂನಾಯಿತು. 1916ರ ಫೆಬ್ರವರಿ 4, ವಸಂತ ಪಂಚಮಿಯ ದಿನ ವೈಸರಾಯ್ ಹಾರ್ಡಿಂಜ್ ಅಡಿಗಲ್ಲು ಇಟ್ಟರು. ಮೊದಲ ಕುಲಾಧಿಪತಿ ಯಾರು ಗೊತ್ತೇ? ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು.

ಅಡಿಗಲ್ಲಿನ ಎರಡು ದಿನಗಳ ನಂತರ, ಅದೇ ಉತ್ಸವದಲ್ಲಿ, ದಕ್ಷಿಣ ಆಫ್ರಿಕಾದಿಂದ ಬಂದು ಒಂದು ವರ್ಷವಷ್ಟೇ ಆಗಿದ್ದ ಗಾಂಧಿಯವರು ಮಾತಿಗೆ ನಿಂತರು. ಈ ಪವಿತ್ರ ನಗರದಲ್ಲಿ, ನನ್ನ ಜನರ ಮುಂದೆ, ಪರಭಾಷೆಯಲ್ಲಿ ಮಾತಾಡಬೇಕಾಗಿ ಬಂದಿದೆಯಲ್ಲ ಎಂದು ಅವರು ನೊಂದುಕೊಂಡರು. ಸಾಲಾಗಿ ಕುಳಿತಿದ್ದ ರಾಜರ ಒಡವೆಗಳ ಮೇಲೂ ಮಾತು ಹರಿಯಿತು. ಬೆಸೆಂಟರು ನಿಲ್ಲಿಸಿ ಎಂದರು, ರಾಜರುಗಳು ಎದ್ದು ಹೋದರು, ಸಭೆ ಮುರಿಯಿತು. ಗಾಂಧಿ ಅಂದು ಕೇಳಿದ್ದು ಒರಟಾದರೂ ನ್ಯಾಯವಾದ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ಕಾಸು ಕೊಟ್ಟ ರೈತನಿಗೆ ಅರ್ಥವಾಗದ ಮಾತಿನಲ್ಲಿ ಪಾಠ ಹೇಳುವ ಸಂಸ್ಥೆ ಆ ರೈತನದ್ದು ಹೇಗಾದೀತು? ಈ ಪ್ರಶ್ನೆಗೆ ತರಗತಿಯ ಒಳಗೇ ಉತ್ತರ ಕೊಡಲು ಹೊರಟವರು ಹೈದರಾಬಾದಿನವರು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಉರ್ದುವೇ ಪಾಠದ ಭಾಷೆ. ಆ ಸಂಸ್ಥಾನದ ಕನ್ನಡ, ತೆಲುಗು, ಮರಾಠಿಯ ಮಕ್ಕಳಿಗೆ ಉರ್ದುವೂ ಮನೆಯ ಮಾತಲ್ಲ, ಅದು ಇನ್ನೊಂದು ಕತೆ.

ಈಗ ಮೈಸೂರಿಗೆ ಬರೋಣ. ಕಾಶಿಯಲ್ಲಿ ಅಡಿಗಲ್ಲು ಬಿದ್ದ ವರ್ಷವೇ, ಜುಲೈ 27ರಂದು, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀ ಸಂಸ್ಥಾನವೊಂದರಲ್ಲಿ ಅದೇ ಮೊದಲನೆಯದು. ದಿವಾನರು ಸರ್ ಎಂ. ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಅಲ್ಲಿಯವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಹುಡುಗರ ಪದವಿ ಬರುತ್ತಿದ್ದುದು ಮದ್ರಾಸಿನಿಂದಲೇ. ಚೆನ್ನೈನ ಕೇಳುಗರು ಹೆಮ್ಮೆಪಟ್ಟುಕೊಳ್ಳಬಹುದು!

ಇಲ್ಲಿ ಜೋಳಿಗೆ ಹಿಡಿದು ಅಲೆಯಬೇಕಾಗಿರಲಿಲ್ಲ, ಖಜಾನೆಯಿಂದ ಹಣ ಬಂತು. ಆದರೆ ಖಜಾನೆ ತುಂಬುತ್ತಿದ್ದುದು ಯಾರ ಕಂದಾಯದಿಂದ? ಆ ಕಂದಾಯ ಕಟ್ಟುವವನ ಮಗ ಲೋವರ್ ಸೆಕೆಂಡರಿ ಮುಟ್ಟಿದರೆ ದೊಡ್ಡದು. ಅವನಿಗೆ ವಿಶ್ವವಿದ್ಯಾನಿಲಯದಿಂದ ಸಿಕ್ಕಿದ್ದೇನು? ಈ ಪ್ರಶ್ನೆ ಕೆಲವು ಅಧ್ಯಾಪಕರನ್ನು ಕಾಡಿರಬೇಕು. ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ಗೆಳೆಯ ನಂಗಪುರಂ ವೆಂಕಟೇಶಯ್ಯಂಗಾರರ ಜತೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಶುರು ಮಾಡಿದರು. ಕನ್ನಡದಲ್ಲಿ ವಿಜ್ಞಾನಕ್ಕೇ ಮೀಸಲಾದ ಪತ್ರಿಕೆ! ಹೆಚ್ಚು ಕಾಲ ಬಾಳಲಿಲ್ಲ. ಮರುವರ್ಷ ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಹೊರಬಂತು. ಮುಂದೆ ಅದನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು.

ಆದರೆ ಪತ್ರಿಕೆ ಓದುವುದಕ್ಕೂ ಅಕ್ಷರ ಬೇಕಲ್ಲ. 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳು ಬಂದವು. ಹೆಸರು ಸ್ವಲ್ಪ ಭಾರವಾಗಿದೆ, ಕೆಲಸ ಮಾತ್ರ ಸರಳ. ಬೆಳಿಗ್ಗೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುವ ಪ್ರೊಫೆಸರರು ಊರುಗಳಿಗೆ ಹೋಗಿ ಕನ್ನಡದಲ್ಲಿ ಭಾಷಣ ಮಾಡುವುದು. ಸಾಹಿತ್ಯ, ಚರಿತ್ರೆ, ಆರೋಗ್ಯ, ವಿಜ್ಞಾನ, ಅರ್ಥಶಾಸ್ತ್ರ ಯಾವುದಾದರೂ ಸರಿ. ಆಮೇಲೆ ಆ ಭಾಷಣವೇ ಕೆಲವು ಆಣೆ ಬೆಲೆಯ ಪುಟ್ಟ ಪುಸ್ತಕವಾಗಿ ಅಚ್ಚಾಗುತ್ತಿತ್ತು. ಇದನ್ನು ನೋಡಿಕೊಂಡ ವಿಭಾಗವೇ ನಮಗೆಲ್ಲ ಗೊತ್ತಿರುವ ಪ್ರಸಾರಾಂಗ.

ಇದರ ಕಷ್ಟ ಎಷ್ಟೆಂದು ಸ್ವಲ್ಪ ಊಹಿಸಿ. ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಯೋಚಿಸಿ, ಇಂಗ್ಲಿಷಿನಲ್ಲೇ ಇಪ್ಪತ್ತು ವರ್ಷ ಪಾಠ ಹೇಳಿದವರು ಒಂದು ಸಂಜೆ ರೈತರ, ಅಂಗಡಿಯವರ, ಶಾಲೆಯ ಮೇಷ್ಟರ ಮುಂದೆ ನಿಂತು ರಕ್ತದ ಪರಿಚಲನೆಯನ್ನೋ ಗ್ರಹಣವನ್ನೋ ವಿವರಿಸಬೇಕು. ಪಾರಿಭಾಷಿಕ ಪದ ಇಲ್ಲ. ಇದ್ದರೂ ಅದು ಮುಂದೆ ಕುಳಿತವರಿಗೆ ಗೊತ್ತಿಲ್ಲ. ಕನ್ನಡಕ್ಕೆ ವಿಜ್ಞಾನ ಹೇಳುವ ಶಕ್ತಿ ಇದೆಯೇ ಎಂದು ಪಟ್ಟಣದ ವಿದ್ಯಾವಂತರು ಚರ್ಚಿಸುತ್ತಿದ್ದ ಹೊತ್ತಿನಲ್ಲಿ ಈ ಪ್ರೊಫೆಸರರು ಆ ಶಕ್ತಿಯನ್ನು ಬಳಸಿಯೇ ನೋಡಿದರು. ಇಂದು ನಾವು ಕನ್ನಡ ಪತ್ರಿಕೆಗಳಲ್ಲಿ ಓದುವ ವಿಜ್ಞಾನದ ಭಾಷೆಯಲ್ಲಿ ಆ ಸಂಜೆಗಳ ಪಾಲೂ ಇದೆ. ತಮಾಷೆಯೆಂದರೆ ಇಷ್ಟಾದರೂ ಕಾಲೇಜಿನ ತರಗತಿಯೊಳಗೆ ಕನ್ನಡ ಕಾಲಿಡಲಿಲ್ಲ. ಅದಕ್ಕಾಗಿ 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಅವರೂ ಹೋರಾಡಬೇಕಾಯಿತು.

ರೇಡಿಯೋ ಕೇಳುವ ನಿಮಗೆ ಹೇಳಲೇಬೇಕಾದ ಸಂಗತಿಯೊಂದಿದೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಅದರ ಹೆಸರೇ ‘ಆಕಾಶವಾಣಿ’! ಮುಂದೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು, 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಅದೇ ದಶಕದಲ್ಲಿ ಇಡೀ ದೇಶದ ಪ್ರಸಾರ ಸಂಸ್ಥೆ ಆ ಹೆಸರನ್ನೇ ತನ್ನದಾಗಿಸಿಕೊಂಡಿತು. ದಿಲ್ಲಿಯಲ್ಲಿ, ಮುಂಬೈಯಲ್ಲಿ ಕುಳಿತು ನೀವು ಕೇಳುವ "ಆಕಾಶವಾಣಿ" ಎಂಬ ಮಾತಿನ ಹಿಂದೆ ಕನ್ನಡ ನಾಡಿನ ಒಬ್ಬ ಕಾಲೇಜು ಮೇಷ್ಟರ ಮನೆ ಇದೆ. ಭಾಷಣಕ್ಕೆ ಊರೂರು ಸುತ್ತುವ ಪ್ರೊಫೆಸರರಿಗೆ ಗಾಳಿಯೇ ಗಾಡಿಯಾಯಿತು ಎನ್ನಿ.

ಬಹಳ ತಡವಾಗಿ ಆ ದಾರಿಗೆ ಬೇರೆ ವಿಶ್ವವಿದ್ಯಾನಿಲಯಗಳೂ ಬಂದವು. ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯ 2004ರ ಫೆಬ್ರವರಿಯಲ್ಲಿ ‘ಅಣ್ಣಾ ಎಫ್‌ಎಂ’ ಆರಂಭಿಸಿತು. ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೋ ಅದು. ಪುಣೆಯ ವಿಶ್ವವಿದ್ಯಾನಿಲಯದ ‘ವಿದ್ಯಾವಾಣಿ’, ಮುಂಬೈ ವಿಶ್ವವಿದ್ಯಾನಿಲಯದ ‘ಮಸ್ಟ್ ರೇಡಿಯೋ’ ಆಮೇಲೆ ಬಂದವು.

ಮುಂಬೈ ಎಂದ ಕೂಡಲೇ ಇನ್ನೊಂದು ಮಾತು. ಮೈಸೂರಿನವರಿಗೆ ವಿಶ್ವವಿದ್ಯಾನಿಲಯ ಸಿಕ್ಕರೂ ಬೊಂಬಾಯಿ ಪ್ರಾಂತದ ಕನ್ನಡಿಗರಿಗೆ ಸಿಗಲಿಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದರೂ ಪದವಿ ಬೊಂಬಾಯಿಯದೇ. ಕೊನೆಗೂ ಕರ್ನಾಟಕ ವಿಶ್ವವಿದ್ಯಾನಿಲಯ ಆರಂಭವಾದದ್ದು 1949ರಲ್ಲಿ. ಎಲ್ಲಿ? ಮುಂಬೈಯಲ್ಲೇ! ಮರುವರ್ಷ ಅದು ಧಾರವಾಡಕ್ಕೆ ಬಂತು. ಕರ್ನಾಟಕ ಏಕೀಕರಣಕ್ಕೆ ಇನ್ನೂ ಆರು ವರ್ಷ ಬಾಕಿ ಇತ್ತು. ರಾಜ್ಯಕ್ಕಿಂತ ಮೊದಲೇ ‘ಕರ್ನಾಟಕ’ ಎಂಬ ಹೆಸರನ್ನು ಹೊತ್ತ ವಿಶ್ವವಿದ್ಯಾನಿಲಯ ಅದು.

ಇಷ್ಟೆಲ್ಲ ಈಗೇಕೆ ಎನ್ನುತ್ತೀರಾ? 2025ರಲ್ಲಿ ಕರ್ನಾಟಕದಲ್ಲಿ ಕೆಲವು ಹೊಸ ಜಿಲ್ಲಾ ವಿಶ್ವವಿದ್ಯಾನಿಲಯಗಳನ್ನು ಮುಚ್ಚಬೇಕೇ ಎಂಬ ಚರ್ಚೆ ಎದ್ದಿತು. ಹಣವಿಲ್ಲ, ಸಾಕಷ್ಟು ಜಾಗವಿಲ್ಲ, ಸಿಬ್ಬಂದಿ ಇಲ್ಲ ಎಂದು ಒಂದು ಕಡೆಯವರು. ನಮ್ಮ ಜಿಲ್ಲೆಗೆ ಬಂದದ್ದನ್ನು ಕಿತ್ತುಕೊಳ್ಳಬೇಡಿ ಎಂದು ಇನ್ನೊಂದು ಕಡೆಯವರು. ಎರಡೂ ಕಡೆ ನ್ಯಾಯವಿದೆ. ಆದರೆ ಆ ವಿಶ್ವವಿದ್ಯಾನಿಲಯ ಅಲ್ಲಿ ಓದದ ಜನರಿಗೆ ಏನು ಕೊಟ್ಟಿದೆ, ಏನು ಕೊಡಬಹುದು ಎಂಬ ಮಾತು ಆ ಗದ್ದಲದಲ್ಲಿ ಕೇಳಿಸಿದ್ದು ಕಡಿಮೆ. ವಿಶ್ವವಿದ್ಯಾನಿಲಯಗಳಿಗೆ ಬೋಧನೆ, ಸಂಶೋಧನೆಯಷ್ಟೇ ಮುಖ್ಯವಾದ ಮೂರನೆಯ ಕೆಲಸ ಜನರ ನಡುವಿನ ವಿಸ್ತರಣೆ ಎಂದು ಯುಜಿಸಿ 1977ರಲ್ಲೇ ಒಪ್ಪಿಕೊಂಡಿತ್ತು. ಆದರೂ ಪ್ಲೇಸ್‌ಮೆಂಟ್ ಎಷ್ಟು, ಪ್ಯಾಕೇಜ್ ಎಷ್ಟು, ರ‍್ಯಾಂಕಿಂಗ್ ಎಷ್ಟು ಎಂದಷ್ಟೇ ಕೇಳುವ ಅಭ್ಯಾಸ ನಮ್ಮದಾಗಿದೆ. ಮಹಾನಗರದ ನಮ್ಮಲ್ಲಂತೂ ಇನ್ನೂ ಹೆಚ್ಚು. ಮೂರನೆಯ ಕೆಲಸಕ್ಕೆ ಅಂಕ ಕೊಡುವವರು ಯಾರೂ ಇಲ್ಲದಿದ್ದರೆ ಹಣದ ಚೀಲ ಸಣ್ಣದಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ನಿಮ್ಮಲ್ಲಿ ಯಾರ ಮನೆಯ ಹಳೆಯ ಟ್ರಂಕಿನಲ್ಲಾದರೂ, ಅಜ್ಜನ ಪುಸ್ತಕಗಳ ನಡುವೆ, ಮೈಸೂರು ವಿಶ್ವವಿದ್ಯಾನಿಲಯದ ಆ ಪ್ರಚಾರ ಪುಸ್ತಿಕೆಗಳು ಉಳಿದಿದ್ದರೆ ನಮಗೊಂದು ಸಾಲು ಬರೆದು ತಿಳಿಸಿ. ಹೆಸರು, ವಿಷಯ, ಮುಖಪುಟದ ಮೇಲಿನ ಬೆಲೆ, ಇಷ್ಟಿದ್ದರೆ ಸಾಕು. ಯಾವ ಊರಿನಲ್ಲಿ ಕೊಂಡದ್ದೆಂದು ಅಜ್ಜ ಬರೆದಿಟ್ಟಿದ್ದರೆ ಅದನ್ನೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳುತ್ತೇವೆ.