ಸೆರ್ಗ್ಲೈಸಿನ್

ರಕ್ತಕಣಗಳು ತಯಾರಿಸುವ ಮುಖ್ಯ ಪ್ರೋಟಿಯೋಗ್ಲೈಕಾನ್, ಅಂದರೆ ಸಕ್ಕರೆ ಸರಪಳಿಗಳನ್ನು ಹೊತ್ತ ಪ್ರೋಟೀನು. ಇದರ ನಡುವಿನ ಪ್ರೋಟೀನು ಚಿಕ್ಕದು. ಅದರಲ್ಲಿ ಸೆರೀನ್ ಮತ್ತು ಗ್ಲೈಸಿನ್ ಅಮೈನೋ ಆಮ್ಲಗಳು ಒಂದರ ಪಕ್ಕ ಒಂದು ಪುನರಾವರ್ತಿಸುತ್ತವೆ. ಹೆಸರು ಬಂದದ್ದೂ ಅದರಿಂದಲೇ. ಸೆರೀನ್‌ಗಳಿಗೆ ಸಲ್ಫೇಟ್ ತುಂಬಿದ ಉದ್ದನೆಯ ಸಕ್ಕರೆ ಸರಪಳಿಗಳು, ಕಂಬಳದ ಕೋಣನ ಕೊರಳಿನ ಗೆಜ್ಜೆಸರದಂತೆ, ಒತ್ತೊತ್ತಾಗಿ ಜೋತುಬಿದ್ದಿರುತ್ತವೆ.

ಜೀವಕೋಶದ ಹೊರಮೈಯ ಸಿಡಿ44 ಗ್ರಾಹಕಕ್ಕೆ ಸೆರ್ಗ್ಲೈಸಿನ್ ಅಂಟಿಕೊಳ್ಳುತ್ತದೆಂದು 1995ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹಿಡಿತ ಇರುವುದು ಪ್ರೋಟೀನಿನಲ್ಲಲ್ಲ, ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿಗಳಲ್ಲಿ. ಕಿಣ್ವದಿಂದ ಅವನ್ನು ಕತ್ತರಿಸಿದರೆ ನಂಟು ಕಳಚುತ್ತದೆ. ಆದ್ದರಿಂದ ಯಾವ ಕಣ ಯಾವ ಸರಪಳಿ ಕಟ್ಟುತ್ತದೆ ಎಂಬುದೇ ನಿರ್ಣಾಯಕ. ರಕ್ತದ ಕಿರುಬಿಲ್ಲೆಗಳಲ್ಲಿ (ಪ್ಲೇಟ್‌ಲೆಟ್) ಅದು ಕಾಂಡ್ರಾಯ್ಟಿನ್ ಸಲ್ಫೇಟ್. ಸಂಯೋಜಕ ಅಂಗಾಂಶದಲ್ಲಿರುವ ಮಾಸ್ಟ್ ಕಣಗಳೆಂಬ ರಕ್ಷಣಾ ಕಣಗಳಲ್ಲಿ ಹೆಪಾರಿನ್.

ಸೆರ್ಗ್ಲೈಸಿನ್ ಇಲ್ಲದ ಇಲಿಗಳು ಬದುಕುತ್ತವೆ. ಆದರೆ ಅವುಗಳ ಮಾಸ್ಟ್ ಕಣಗಳು ತಮ್ಮ ಕಿಣ್ವಗಳನ್ನು ಸರಿಯಾಗಿ ಶೇಖರಿಸಲಾರವು.

ಮಣಿಪಾಲ, ಉಡುಪಿಯ ಡಯಾಲಿಸಿಸ್ ಘಟಕಗಳಲ್ಲಿ ಯಂತ್ರದ ನಳಿಕೆಯೊಳಗೆ ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್, ಮಾಸ್ಟ್ ಕಣಗಳ ಸೆರ್ಗ್ಲೈಸಿನ್ ಹೊರುವ ಬಗೆಯ ಸರಪಳಿಯೇ. ಔಷಧಕ್ಕಾಗಿ ಅದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ.